ಅಜ್ಜಿ ಹುಟ್ಟುಹಬ್ಬದ ಪ್ರಾಜೆಕ್ಟರ್: ಪುಟ್ಟಿಗೆ ಅತ್ತೆಯ ಉದ್ದ ಉತ್ತರ

ಪುಟ್ಟಿ, ನಿನ್ನ ಮೆಸೇಜೆಲ್ಲ ಈಗ ನೋಡಿದೆ. ವಾಯ್ಸ್ ಕಳಿಸೋಣ ಅಂದರೆ ಬಸ್ಸಲ್ಲಿದ್ದೇನೆ, ಕಂಡಕ್ಟರ್ ಸೀಟಿ ಬಿಟ್ಟು ಬೇರೇನೂ ನಿನಗೆ ಕೇಳಿಸುವುದಿಲ್ಲ. ಅದಕ್ಕೇ ಮಾತಾಡಿದ ಹಾಗೇ ಟೈಪ್ ಮಾಡುತ್ತಿದ್ದೇನೆ. ಕೋಲಾರ ಬರುವ ತನಕ ಬೇರೆ ಕೆಲಸವೂ ಇಲ್ಲ.

ನೀನು ಹೇಳಿದ್ದು ಇಷ್ಟು ಅಲ್ವಾ? ಶನಿವಾರ ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬಕ್ಕೆ ಸಣ್ಣ ಪ್ರಾಜೆಕ್ಟರ್ ತಂದಿದ್ದೀಯ. ಹಾಲ್ ಗೋಡೆಗೆ ಬಿಟ್ಟರೆ ಚಿತ್ರ ಮಂಕು. ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಫೋನಿಂದ ಸಿನಿಮಾ ಹಾಕಿದರೆ ಸದ್ದು ಬರುತ್ತದೆ, ಗೋಡೆ ಕಪ್ಪು. ಯಂತ್ರ ವಾಪಸ್ ಕೊಟ್ಟುಬಿಡಲಾ ಅಂತ ಕೇಳಿದ್ದೀಯ. ಬೇಡ, ಇರಲಿ. ಸ್ಕೂಲಲ್ಲಿ ಹದಿನೈದು ವರ್ಷ ಇವುಗಳ ಜೊತೆ ಹೆಣಗಿದವಳು ನಾನು.

ಮೊದಲು ಮಂಕಿನ ವಿಷಯ. ಡಬ್ಬದ ಮೇಲೆ 9000 ಲ್ಯೂಮೆನ್ಸ್ (ಬೆಳಕಿನ ಅಳತೆ) ಅಂತ ಬರೆದಿದೆ ಅಂದೆ. ಅದನ್ನು ಮರೆತುಬಿಡು. ಒಳಗಿನ ಪುಸ್ತಕದಲ್ಲಿ ಆನ್ಸಿ ಲ್ಯೂಮೆನ್ಸ್ ಅಂತ ಎಲ್ಲಾದರೂ ಇದೆಯಾ ನೋಡು. ಅದು ಪರದೆಯ ಒಂಬತ್ತು ಕಡೆ ಅಳೆದು ಸರಾಸರಿ ತೆಗೆದ ಲೆಕ್ಕ. ಇಂಥ ಸಣ್ಣ ಯಂತ್ರಗಳಲ್ಲಿ ಅದು ಇನ್ನೂರೋ ಮುನ್ನೂರೋ ಇದ್ದರೆ ದೊಡ್ಡದು. '4ಕೆ ಸಪೋರ್ಟ್', ಅಂದರೆ ತುಂಬ ಚುಕ್ಕೆಗಳ ಸ್ಪಷ್ಟ ಚಿತ್ರ ಅನ್ನುವುದೂ ಅದೇ ಕಥೆ. 4ಕೆ ಫೈಲ್ ಕೊಟ್ಟರೆ ತಿನ್ನುತ್ತದೆ, ಗೋಡೆಗೆ ಬಿಡುವುದು ತನ್ನ ಕೈಲಾದಷ್ಟೇ. ಮೋಸ ಅಂತ ಕೂಗಾಡಿ ಈಗೇನು ಪ್ರಯೋಜನ. ಇರುವ ಬೆಳಕನ್ನು ಹರಡದೆ ಹಿಡಿದಿಟ್ಟುಕೊಳ್ಳಬೇಕು.

ನಿಮ್ಮಪ್ಪ ಗೋಡೆ ತುಂಬ ಬರಲಿ ಅಂತಾನೆ, ಗೊತ್ತು. ಒಪ್ಪಬೇಡ. ಚಿತ್ರದ ಅಗಲ ಎರಡು ಪಟ್ಟು ಮಾಡಿದರೆ ಎತ್ತರವೂ ಎರಡು ಪಟ್ಟಾಗುತ್ತದೆ, ಅದೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಒಂದು ಲೋಟ ಹಾಲಿಗೆ ಮೂರು ಲೋಟ ನೀರು ಬೆರೆಸಿದ ಹಾಗೆ. ಆರು ಅಡಿ ಅಗಲ ಸಾಕು, ಟಿವಿ ಅಳೆಯುವ ಹಾಗೆ ಮೂಲೆಯಿಂದ ಮೂಲೆಗೆ ಅಳೆದರೆ ಅದೇ ಎಂಬತ್ತು ಇಂಚಿನ ಮೇಲಾಯಿತು. ನಿನ್ನದರಲ್ಲಿ ಥ್ರೋ 1.2 ಅಂತ ಇದ್ದರೆ ಅಗಲದ 1.2 ಪಟ್ಟು ದೂರ ಇಡಬೇಕು ಅಂತ ಅರ್ಥ. ಅಂದರೆ ಗೋಡೆಯಿಂದ ಏಳು ಅಡಿ ಚಿಲ್ಲರೆ. ಟೇಪ್ ಹಿಡಿದು ಅಳೆ, ಅಂದಾಜು ಬೇಡ.

ಕತ್ತಲೂ ಬೇಕು. ಫೆಬ್ರವರಿಯಲ್ಲಿ ಹೊತ್ತು ಮುಳುಗುವುದು ಆರೂವರೆ ಹತ್ತಿರ. ಏಳು ಗಂಟೆಗೆ ಮುಂಚೆ ಶುರು ಮಾಡಬೇಡ. ಹಾಲ್ ಬಿಟ್ಟು ಹಿತ್ತಲಿನ ಕೊಟ್ಟಿಗೆ ಗೋಡೆಗೆ ಬಿಟ್ಟರೆ ಹೇಗೆ ಅಂತ ನನಗೆ. ಸುಣ್ಣ ಹೊಡೆದ ಗೋಡೆ, ಮಿಂಚುವುದಿಲ್ಲ, ಅಲ್ಲಾಡುವುದೂ ಇಲ್ಲ. ದುಪ್ಪಟಿ ಕಟ್ಟಿದರೆ ಗಾಳಿಗೆ ಎಲ್ಲರ ಮುಖವೂ ಅಲೆಅಲೆಯಾಗಿ ಆಡುತ್ತದೆ. ಅಲ್ಲಿರುವ ಬೀದಿ ದೀಪ ಮಾತ್ರ ಗೋಡೆಗೆ ಬೀಳದ ಹಾಗೆ ಏನಾದರೂ ಅಡ್ಡ ಕಟ್ಟಬೇಕು.

ಈಗ ಒಂದು ಕಡೆ ಅಗಲ ಬರುವುದು. ಮೊರ ನೋಡಿದ್ದೀಯಲ್ಲ, ಬಾಯಿ ಅಗಲ, ಹಿಂದೆ ಕಿರಿದು. ಯಂತ್ರ ಗೋಡೆಗೆ ನೇರ ಇಲ್ಲದಿದ್ದರೆ ಚಿತ್ರ ಹಾಗಾಗುತ್ತದೆ. ಗೋಡೆಯ ಯಾವ ಕಡೆ ಯಂತ್ರದಿಂದ ದೂರವೋ ಆ ಕಡೆ ಹಿಗ್ಗುತ್ತದೆ. ಮೂತಿ ಮೇಲೆತ್ತಿದರೆ ಮೇಲ್ಗಡೆ ಅಗಲ. ನೀನು ಟೀಪಾಯಿ ಮೇಲಿಟ್ಟು ಕೆಳಗೆ ಪುಸ್ತಕ ತುರುಕಿ ಮೂತಿ ಎತ್ತಿರುತ್ತೀಯ, ಹೌದಾ? ಆಮೇಲೆ ಕೀಸ್ಟೋನ್ ಒತ್ತಿ ನೆಟ್ಟಗೆ ಮಾಡಲು ನೋಡಿರುತ್ತೀಯ. ಕೀಸ್ಟೋನ್ ಚಿತ್ರವನ್ನು ಒಳಗೇ ಕುಗ್ಗಿಸಿ ಚೌಕ ಮಾಡುತ್ತದೆ. ಚುಕ್ಕೆಗಳು ಕಮ್ಮಿಯಾಗುತ್ತವೆ, ಬೆಳಕೂ ಪೋಲು. ಅದು ಕೊನೆಯ ಉಪಾಯ. ಮೊದಲು ಯಂತ್ರವನ್ನೇ ಎತ್ತರಕ್ಕೆ ತಂದು, ಮಟ್ಟಸವಾಗಿ, ಗೋಡೆಗೆ ಎದುರಾಗಿ ಇಡು. ಕೆಲವು ಯಂತ್ರಗಳಲ್ಲಿ ಲೆನ್ಸ್ ಚಿತ್ರದ ನಡುವಿಗೆ ಬರಬೇಕು, ಕೆಲವದರಲ್ಲಿ ಕೆಳ ಅಂಚಿಗೆ. ನಿನ್ನದು ಯಾವುದು ಅಂತ ಹಾಕಿದ ಮೇಲೆ ತಾನೇ ಗೊತ್ತಾಗುತ್ತದೆ.

ಸ್ಟ್ಯಾಂಡ್‌ಗೆ ದುಡ್ಡು ಹಾಕಬೇಡ. ಟೊಮೆಟೊ ಕ್ರೇಟ್ ಎರಡು ಬೋರಲು ಹಾಕಿ ಒಂದರ ಮೇಲೊಂದು ಇಡು. ಅಲ್ಲಾಡದ ಹಾಗೆ ಸಂದಿಗೆ ಇಟ್ಟಿಗೆ ಚೂರು ಕೊಡು. ಕ್ರೇಟ್ ಯಾಕೆ ಅಂದರೆ ಮೈತುಂಬ ತೂತು, ಗಾಳಿ ಆಡುತ್ತದೆ. ಇದು ನಾನು ಮರ್ಯಾದೆ ಕಳೆದುಕೊಂಡು ಕಲಿತದ್ದು. ಒಂದು ಸಲ ಆಗಸ್ಟ್ 15ರ ಕಾರ್ಯಕ್ರಮಕ್ಕೆ ಮೇಜಿನ ಮೇಲೆ ಜರಿ ಅಂಚಿನ ಬಟ್ಟೆ ಹಾಸಿ ಪ್ರಾಜೆಕ್ಟರ್ ಇಟ್ಟಿದ್ದೆ, ಚೆಂದ ಕಾಣಲಿ ಅಂತ. ಇಪ್ಪತ್ತು ನಿಮಿಷ ಚೆನ್ನಾಗೇ ಓಡಿತು. ಆಮೇಲೆ ಫ್ಯಾನ್ ಗೊರ್ ಅಂತ ಜೋರಾಯಿತು, ಕೆಂಪು ದೀಪ ಮಿನುಗಿತು, ದಪ್ ಅಂತ ಕತ್ತಲು. ಕೆಳಗಿನ ಜಾಲರಿಗೆ ಬಟ್ಟೆ ಅಂಟಿಕೊಂಡು ಗಾಳಿ ಕಟ್ಟಿಹೋಗಿತ್ತು. ಮೈ ಮುಟ್ಟಿದರೆ ದೋಸೆ ಹೆಂಚು. ಮುಂದಿನ ಸಾಲಲ್ಲಿ ಅತಿಥಿಗಳು, ಹಿಂದೆ ಮುನ್ನೂರು ಮಕ್ಕಳು. ಮಕ್ಕಳು ಸೀಟಿ ಹೊಡೆದರು ನೋಡು, ಇವತ್ತಿಗೂ ಕಿವೀಲಿದೆ. ಅದಕ್ಕೇ ಹೇಳುತ್ತಿರುವುದು, ಸುತ್ತಲೂ ಒಂದು ಅಡಿ ಖಾಲಿ ಬಿಡು. ಅಲಂಕಾರಕ್ಕೆ ಹೂವಿನ ಹಾರ ಗೀರ ಅದರ ಮೈಮೇಲೆ ಬೇಡ.

ಫೋಕಸ್ ಮಾಡುವಾಗ ಚಿತ್ರ ನೋಡಿ ಮಾಡಬೇಡ, ಮೆನು ಅಕ್ಷರ ನೋಡಿ ಮಾಡು. ನಡುವೆ ಚೂಪಾಗಿದ್ದು ಮೂಲೆಯಲ್ಲಿ ಮಸುಕಾದರೆ ಎರಡಕ್ಕೂ ನಡುವೆ ಒಂದು ಕಡೆ ನಿಲ್ಲಿಸು. ಯಂತ್ರ ಬಿಸಿಯಾದ ಮೇಲೆ ಫೋಕಸ್ ಸ್ವಲ್ಪ ಜಾರುತ್ತದೆ, ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ ಮುಟ್ಟು. ಲೆನ್ಸನ್ನು ಸೆರಗಿನಿಂದ ಒರೆಸಬೇಡ, ಕನ್ನಡಕದ ಬಟ್ಟೆ ಇದೆಯಲ್ಲ, ಅದು. ಚಿಕ್ಕ ಮಕ್ಕಳು ಬೆಳಕಿಗೆ ಕಣ್ಣಿಟ್ಟು ನೋಡದ ಹಾಗೆ ಯಾರಾದರೂ ದೊಡ್ಡವರು ಪಕ್ಕದಲ್ಲಿ ಕೂತಿರಲಿ.

ಗೋಡೆ ಕಪ್ಪಾಗುವುದು ನಿನ್ನ ತಪ್ಪಲ್ಲ. ಸಿನಿಮಾ ಆ್ಯಪ್‌ಗಳು ನಕಲು ಮಾಡಬಾರದು ಅಂತ ಬೀಗ ಹಾಕಿರುತ್ತವೆ, ಫೋನಿನ ಪರದೆ ಹಂಚಿದರೆ ಚಿತ್ರ ಬಿಡುವುದಿಲ್ಲ. ನಮಗೆ ಸಿನಿಮಾ ಯಾಕೆ ಬೇಕು ಹೇಳು? ನಿಮ್ಮಪ್ಪ ತನ್ನ ಮದುವೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿಸಿಟ್ಟಿದ್ದಾನಲ್ಲ, ಅದು ಸಾಕು. ಪೆನ್‌ಡ್ರೈವ್‌ಗೆ ಹಾಕು. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮೀರಿದ ಒಂದೇ ಫೈಲ್ ಹಿಡಿಯುವುದಿಲ್ಲ. ಮೂರು ಗಂಟೆ ಮದುವೆ, ತುಂಡು ಮಾಡಿಸಬೇಕಾಗಬಹುದು. ವಿಡಿಯೊ ಫೈಲ್ ಎಂಪಿ4 ಬಗೆಯದಾದರೆ ತಕರಾರಿಲ್ಲ.

ಆ ಕ್ಯಾಸೆಟ್ ಹಳೇ ಟಿವಿ ಅಳತೆಯದು, 4:3, ಅಂದರೆ ಅಗಲ ನಾಲ್ಕಾದರೆ ಎತ್ತರ ಮೂರು. ಪ್ರಾಜೆಕ್ಟರ್ ಅದನ್ನು 16:9ಕ್ಕೆ ಎಳೆದರೆ ನಿಮ್ಮ ತಾತ ಗುಂಡಗೆ ಕಾಣುತ್ತಾರೆ. ಕಡ್ಡಿ ಹಾಗಿದ್ದ ಮನುಷ್ಯ, ಅಜ್ಜಿಗೆ ಬೇಜಾರಾಗುತ್ತದೆ. ಆಸ್ಪೆಕ್ಟ್ ಅಂತ ಇರುತ್ತದೆ ಮೆನುವಿನಲ್ಲಿ, 4:3 ಮಾಡು. ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಬರಲಿ.

ಸದ್ದಿಗೆ ಬ್ಲೂಟೂತ್ ಸ್ಪೀಕರ್ ಬೇಡ. ಅದರಲ್ಲಿ ಸದ್ದು ಒಂದು ಚೂರು ತಡ. ಡೋಲಿಗೆ ಕೋಲು ಬಿದ್ದ ಮೇಲೆ ಢಂ ಅನ್ನುತ್ತದೆ, ಗಟ್ಟಿಮೇಳ ಪೂರ್ತಿ ಎಡವಟ್ಟು. ಹೆಡ್‌ಫೋನ್ ತೂತಿಂದ ಶಾಮಿಯಾನದವರ ಮೈಕ್ ಸೆಟ್‌ಗೆ ಒಂದು ವೈರ್ ಎಳೆಸಿದರೆ ಮುಗಿಯಿತು.

ಕರೆಂಟ್. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಬಂತು, ಬೆಂಗಳೂರಿಗೆ ಬಂದಿದ್ದು 1905ರಲ್ಲಿ ಅಂತ ತಾತ ಪದೇಪದೇ ಹೇಳಿ ಬೀಗುತ್ತಿದ್ದರು, ನಮ್ಮೂರಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿ. ಯಂತ್ರದ ಹಿಂದೆ ಚೀಟಿಯಲ್ಲಿ ಎಷ್ಟು ವ್ಯಾಟ್ ಅಂತ ನೋಡು. ನೂರರ ಆಸುಪಾಸಿದ್ದರೆ, ನಡುವೆ ಕರೆಂಟ್ ಹೋದರೂ ಮನೆ ಇನ್ವರ್ಟರ್ ಆರಾಮಾಗಿ ಎಳೆಯುತ್ತದೆ. ಫೋನಿನ ಪವರ್ ಬ್ಯಾಂಕ್ ನಂಬಬೇಡ. ಪ್ಲಗ್ ಹಿತ್ತಲಿನ ತನಕ ಬರುವುದಿಲ್ಲ, ಎಕ್ಸ್‌ಟೆನ್ಷನ್ ಬಾಕ್ಸ್ ಬೇಕು. ವೈರನ್ನು ಗೋಡೆ ಪಕ್ಕಕ್ಕೆ ಹಾಯಿಸು, ಹೊಸ್ತಿಲಲ್ಲಿ ಅಜ್ಜಿ ಕಾಲಿಗೆ ಸಿಕ್ಕೀತು.

ನಾನು ಶುಕ್ರವಾರ ಸಂಜೆಯೇ ಬರುತ್ತೇನೆ. ಅದೇ ಜಾಗ, ಅದೇ ಏಳು ಗಂಟೆ, ಒಂದು ಸಲ ಪೂರ್ತಿ ಹಾಕಿ ನೋಡೋಣ. ಕ್ರೇಟ್ ಮಾತ್ರ ನೀನೇ ಯಾರ ಹತ್ತಿರವಾದರೂ ಕೇಳಿಟ್ಟಿರು, ನಮ್ಮವೆಲ್ಲ ಮಂಡಿಯಲ್ಲಿ ಕೂತಿವೆ. ತೊಳೆದು ತಾ ಪುಟ್ಟಿ, ಹೋದ ಸಲದ ಹಾಗೆ ಕೊಳೆತ ವಾಸನೆ ಬೇಡ. ಸರಿ, ಬಸ್ ಸ್ಟ್ಯಾಂಡ್ ಬಂತು, ಇಳಿಯುತ್ತೇನೆ.