ಬೇಸಿಗೆಯಲ್ಲಿ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆಫ್ ಆಗುತ್ತಿದೆ: ಬಿಸಿಯೇ ಕಾರಣವೇ?

ಪ್ರಶ್ನೆ (ಕಲಬುರಗಿ)

ನಮಸ್ಕಾರ. ನಾನೇ ಬಿಡಿಭಾಗಗಳನ್ನು ತಂದು ಜೋಡಿಸಿದ ಕಂಪ್ಯೂಟರ್ ಇದು. ಇಂಟೆಲ್ ಐ5-12400ಎಫ್ ಪ್ರೊಸೆಸರ್, ಅದರ ಡಬ್ಬಿಯಲ್ಲೇ ಬಂದ ಕೂಲರ್, ಆರ್‌ಟಿಎಕ್ಸ್ 3060 ಟಿಐ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ್‍ಯಾಮ್, 650 ವ್ಯಾಟ್ ಎಸ್‌ಎಂಪಿಎಸ್ (ಬಿಡಿಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ). ಕ್ಯಾಬಿನೆಟ್ಟಿನ ಮುಂಭಾಗ ಪೂರ್ತಿ ಗಾಜು, ಅದರ ಹಿಂದೆ ಮೂರು ಫ್ಯಾನ್. ಮದುವೆ ವೀಡಿಯೊಗಳ ಎಡಿಟಿಂಗ್ ನನ್ನ ಕೆಲಸ.

ಚಳಿಗಾಲವಿಡೀ ಯಾವ ತಕರಾರೂ ಇರಲಿಲ್ಲ. ಏಪ್ರಿಲ್ ಬಂದದ್ದೇ ತಡ, ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಅಂತಿಮ ವೀಡಿಯೊ ಆಗಿಸುವ ಕೆಲಸಕ್ಕೆ) ಹಾಕಿ ಎದ್ದುಹೋದರೆ ಮರಳಿ ಬರುವಷ್ಟರಲ್ಲಿ ಪರದೆ ಕಪ್ಪಾಗಿರುತ್ತದೆ. ನೀಲಿ ಪರದೆಯೂ ಇಲ್ಲ, ಎಚ್ಚರಿಕೆಯ ಸಂದೇಶವೂ ಇಲ್ಲ, ಗೋಡೆಯ ಸ್ವಿಚ್ ಆರಿಸಿದಂತೆ ಆಫ್. ಕೆಲವೊಮ್ಮೆ ತಾನಾಗಿಯೇ ಮತ್ತೆ ಶುರುವಾಗುತ್ತದೆ, ಕೆಲವೊಮ್ಮೆ ಗುಂಡಿ ಒತ್ತಬೇಕು. ತಾಪಮಾನ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದು ನೋಡಿದರೆ ರೆಂಡರ್ ವೇಳೆ ಪ್ರೊಸೆಸರ್ 100 ಡಿಗ್ರಿ ಮುಟ್ಟುತ್ತಿದೆ. ಇಲ್ಲಿ ಹೊರಗೆ 42 ಡಿಗ್ರಿ ಬಿಸಿಲು, ಕೋಣೆಯಲ್ಲಿ ಎಸಿ ಇಲ್ಲ. ಅಂಗಡಿಯವರು ವಾಟರ್ ಕೂಲರ್ (ದ್ರವ ಹರಿಸಿ ಪ್ರೊಸೆಸರ್ ತಂಪು ಮಾಡುವ ಸಾಧನ) ಹಾಕಿಸಿ ಎನ್ನುತ್ತಿದ್ದಾರೆ. ಆದರೆ ಸುಮ್ಮನೆ ಬ್ರೌಸರ್ ತೆರೆದಿದ್ದಾಗಲೂ ಅಪರೂಪಕ್ಕೆ ಹೀಗಾಗಿದೆ. ಅದೇ ನನಗೆ ಅರ್ಥವಾಗದ್ದು. ಮೇ ತಿಂಗಳ ಮದುವೆಗಳ ಕೆಲಸ ತಲೆಯ ಮೇಲಿದೆ, ದಯವಿಟ್ಟು ದಾರಿ ತೋರಿಸಿ.

ಉತ್ತರ (ಮೈಸೂರು)

ವಾಟರ್ ಕೂಲರ್‌ಗೆ ಈಗಲೇ ದುಡ್ಡು ಸುರಿಯಬೇಡಿ. ಬ್ರೌಸರ್ ತೆರೆದಿದ್ದಾಗಲೂ ಆಫ್ ಆಯಿತು ಎಂದಿರಲ್ಲ, ಅದನ್ನೇ ಹಿಡಿದು ಹೊರಡೋಣ. ಅಷ್ಟು ಹಗುರ ಕೆಲಸಕ್ಕೆ ಪ್ರೊಸೆಸರ್ ಕಾದು ನಿಲ್ಲುವುದಿಲ್ಲ. ಹಾಗಾಗಿ ಬಿಸಿಯಾಗುವುದು ಒಂದು ತೊಂದರೆ, ಆಫ್ ಆಗುವುದು ಇನ್ನೊಂದು ತೊಂದರೆ ಎಂದು ಸದ್ಯಕ್ಕೆ ಬೇರೆ ಬೇರೆಯಾಗಿ ಇಟ್ಟುಕೊಳ್ಳಿ. ಎರಡನ್ನೂ ಒಂದೇ ಗಂಟು ಕಟ್ಟಿದವರು ಮೊದಲು ಕೂಲರ್, ಆಮೇಲೆ ಎಸ್‌ಎಂಪಿಎಸ್, ಅದರ ಮೇಲೆ ಮದರ್‌ಬೋರ್ಡ್ ಎಂದು ಬದಲಿಸುತ್ತಾ ಹೋಗಿ ಕೈ ಸುಟ್ಟುಕೊಂಡದ್ದನ್ನು ಬಹಳ ಕಂಡಿದ್ದೇನೆ.

ನಿಮ್ಮ ಪ್ರೊಸೆಸರ್‌ಗೆ ಇಂಟೆಲ್ ಇಟ್ಟಿರುವ ಮಿತಿ 100 ಡಿಗ್ರಿ. ಅದನ್ನು ಮುಟ್ಟಿದೊಡನೆ ಅದು ಆಫ್ ಆಗುವುದಿಲ್ಲ. ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ. ರೆಂಡರ್ ಕುಂಟುತ್ತದೆ, ಆದರೂ ಸಾಗುತ್ತದೆ. ವೇಗ ಇಳಿಸಿದ ಮೇಲೂ ಬಿಸಿ ಏರುತ್ತಲೇ ಹೋದಾಗ ಮಾತ್ರ ಜೀವ ಉಳಿಸಿಕೊಳ್ಳಲು ಒಮ್ಮೆಲೇ ನಿಲ್ಲುತ್ತದೆ. ಕೂಲರ್ ಸಡಿಲವಾಗಿದ್ದರೆ, ಅದರ ಫ್ಯಾನ್ ನಿಂತುಹೋಗಿದ್ದರೆ ಹಾಗಾಗಬಹುದು. ಗ್ರಾಫಿಕ್ಸ್ ಕಾರ್ಡೂ ಹೀಗೆಯೇ: ನಿಮ್ಮ ಕಾರ್ಡಿನ ಮಿತಿ 93 ಡಿಗ್ರಿ, ಅದೂ ಮೊದಲು ನಿಧಾನವಾಗುತ್ತದೆ.

ಈಗ ಸಾಕ್ಷಿ ಬೇಕು. ಎಚ್‌ಡಬ್ಲ್ಯೂಇನ್ಫೋದ ಸೆನ್ಸರ್ ಕಿಟಕಿಯ ಕೆಳಗಡೆ ದಾಖಲೆ ಬರೆಯುವ ಗುಂಡಿ ಇದೆ. ಅದನ್ನು ಒತ್ತಿ, ಎರಡು ಸೆಕೆಂಡಿಗೊಮ್ಮೆ ಎಲ್ಲ ಅಂಕಿಗಳನ್ನೂ ಕಡತಕ್ಕೆ ಬರೆಯಲು ಬಿಟ್ಟು ರೆಂಡರ್ ಹಾಕಿ. ಆಫ್ ಆದ ಮೇಲೆ ಆ ಕಡತದ ಕೊನೆಯ ಸಾಲು ನೋಡಿ. ಎರಡೂ ತಾಪಮಾನ ಮಿತಿಗಿಂತ ಬಹಳ ಕೆಳಗಿದ್ದರೆ ಬಿಸಿಯ ಮೇಲಿನ ಅನುಮಾನ ಬಿಡಬಹುದು. ಜೊತೆಗೆ ವಿಂಡೋಸ್‌ನ ಇವೆಂಟ್ ವ್ಯೂಯರ್‌ನಲ್ಲಿ ಅದೇ ಹೊತ್ತಿನ ದಾಖಲೆ ತೆಗೆಯಿರಿ. ಕರ್ನಲ್-ಪವರ್ 41 ಎಂದು ಇದ್ದೇ ಇರುತ್ತದೆ. ಅದನ್ನು ನೋಡಿ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ. ಆ ದಾಖಲೆಯೊಳಗೆ ಬಗ್‌ಚೆಕ್‌ಕೋಡ್ (ನೀಲಿ ಪರದೆಯ ದೋಷದ ಸಂಖ್ಯೆ) ಸೊನ್ನೆ ಇದೆಯೇ, ಡಬ್ಲ್ಯೂಎಚ್‌ಇಎ ಹೆಸರಿನ ಹಾರ್ಡ್‌ವೇರ್ ದೋಷಗಳು ಆಸುಪಾಸಿನಲ್ಲಿ ಇವೆಯೇ, ತಿಳಿಸಿ.

ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಅದೇ ರೆಂಡರ್ ಮತ್ತೊಮ್ಮೆ ಓಡಿಸಿ. ತಾಪಮಾನ ಚೆನ್ನಾಗಿ ಇಳಿದರೆ ಕೂಲರ್‌ಗಿಂತ ಮೊದಲು ಕ್ಯಾಬಿನೆಟ್ಟನ್ನು ನೋಡಬೇಕು. ಮುಂದೆ ಗಾಜು ಮುಚ್ಚಿ ಹಿಂದೆ ಮೂರು ಫ್ಯಾನ್ ಇಡುವುದೆಂದರೆ ಮೂಗು ಹಿಡಿದು ಓಡಿ ಎಂದಂತೆ.

ಕೂಲರ್ ಕೂತಿರುವ ರೀತಿಯನ್ನೂ ಪರೀಕ್ಷಿಸಿ. ಪ್ಲಗ್ ಕಿತ್ತು, ಮದರ್‌ಬೋರ್ಡ್ ಹಿಂಬದಿಯ ಕಿಂಡಿಯಿಂದ ಟಾರ್ಚ್ ಹಾಕಿ. ನಾಲ್ಕು ಮೂಲೆಗಳಲ್ಲೂ ಬಿಳಿ ಪ್ಲಾಸ್ಟಿಕ್ ಕಾಲು ಎರಡಾಗಿ ಅಗಲಿ, ನಡುವೆ ಕಪ್ಪು ಮೊಳೆ ಇಳಿದಿರಬೇಕು. ಒಂದು ಮೂಲೆಯಲ್ಲಿ ಮೊಳೆ ಪೂರ್ತಿ ಇಳಿದಿರದಿದ್ದರೂ ಕೂಲರ್ ಓರೆಯಾಗಿ ಕೂತು ಬಿಸಿ ಏರುತ್ತದೆ. ಮತ್ತೆ ಕೂರಿಸುವಾಗ ಕರ್ಣದ ದಿಕ್ಕಿನಲ್ಲಿ ಎರಡೆರಡು ಮೂಲೆ ಒತ್ತಬೇಕು, ಒಂದೇ ಪಕ್ಕದಿಂದ ಒತ್ತುತ್ತಾ ಬರಬಾರದು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ನಿಮಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ.

ಉತ್ತರ (ಹುಬ್ಬಳ್ಳಿ)

ಮೇಲಿನವರು ಹೇಳಿದ್ದೆಲ್ಲ ಸರಿ. ನನ್ನದೊಂದು ಪ್ರಶ್ನೆ: ಕಂಪ್ಯೂಟರ್ ಯಾವ ಸಾಕೆಟ್ಟಿನಲ್ಲಿದೆ? ನೇರ ಲೈನೇ, ಯುಪಿಎಸ್ಸೇ, ಮನೆಯ ಇನ್ವರ್ಟರೇ? ಇನ್ವರ್ಟರ್ ಆಗಿದ್ದರೆ ಅದರ ಹಿಂಬದಿಯ ಅಥವಾ ಮುಂಬದಿಯ ಸಣ್ಣ ಸ್ವಿಚ್ ಯಾವ ಮೋಡ್‌ನಲ್ಲಿದೆ ನೋಡಿ ಹೇಳಿ. ಆಫ್ ಆದ ಗಳಿಗೆಯಲ್ಲಿ ಫ್ಯಾನ್, ಟ್ಯೂಬ್‌ಲೈಟ್ ಮಿಣುಕಿದವೇ ಎಂಬುದನ್ನೂ ಗಮನಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು ಸರ್. ಹೇಳಿದ ಕ್ರಮದಲ್ಲೇ ಮಾಡಿದೆ.

ಕಡತದ ಕೊನೆಯ ಸಾಲಿನಲ್ಲಿ ಪ್ರೊಸೆಸರ್ 71, ಗ್ರಾಫಿಕ್ಸ್ ಕಾರ್ಡ್ 66 ಡಿಗ್ರಿ. ಅಂದರೆ ಆಫ್ ಆದಾಗ ಬಿಸಿ ಇರಲೇ ಇಲ್ಲ. ಅದಕ್ಕೂ ಮುಂಚೆ ಬಹಳ ಹೊತ್ತು 100 ಡಿಗ್ರಿಯಲ್ಲಿ ಓಡಿದ ಸಾಲುಗಳಿವೆ, ಆಗ ವೇಗ ಕುಸಿದಿದೆ, ಆದರೆ ನಿಂತಿಲ್ಲ. ಬಗ್‌ಚೆಕ್‌ಕೋಡ್ ಸೊನ್ನೆ, ಡಬ್ಲ್ಯೂಎಚ್‌ಇಎ ದೋಷ ಒಂದೂ ಇಲ್ಲ. ಕೂಲರ್‌ನ ನಾಲ್ಕೂ ಮೊಳೆ ಸರಿಯಾಗಿ ಇಳಿದಿವೆ. ಪಕ್ಕದ ಬಾಗಿಲು ತೆಗೆದಾಗ ಪ್ರೊಸೆಸರ್ 87ರಲ್ಲಿ ನಿಂತಿತು.

ಹುಬ್ಬಳ್ಳಿಯ ಸರ್ ಕೇಳಿದ್ದಕ್ಕೆ: ಮನೆಯ ಇನ್ವರ್ಟರ್ ಲೈನಿನಲ್ಲೇ ಇದೆ, ಸ್ವಿಚ್ ನಾರ್ಮಲ್ ಮೋಡ್‌ನಲ್ಲಿದೆ. ಈ ಸಲ ಎದುರಿಗೇ ಕೂತಿದ್ದೆ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದುಕೊಂಡ ಗಳಿಗೆಗೇ ಕಂಪ್ಯೂಟರ್ ಆರಿತು. ಈ ತಿಂಗಳು ಇಲ್ಲಿ ಕರೆಂಟ್ ಹೋಗಿಬರುವುದು ಹೆಚ್ಚಾಗಿದೆ. ಆದರೆ ಕರೆಂಟ್ ಹೋದಾಗಲೆಲ್ಲ ಆಫ್ ಆಗುವುದಿಲ್ಲವಲ್ಲ, ಅದೇಕೆ? ಇನ್ನೊಂದು ವಿಷಯ, ಬರಿಗಾಲಿನಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುತ್ತದೆ.

ಉತ್ತರ (ಹುಬ್ಬಳ್ಳಿ)

ಸಿಕ್ಕಿತು. ಕರೆಂಟ್ ಹೋದ ಮೇಲೂ ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದ ಚಾರ್ಜಿನಿಂದ ಕಂಪ್ಯೂಟರ್ ಒಂದಿಷ್ಟು ಮಿಲಿಸೆಕೆಂಡ್ ನಡೆಯುತ್ತದೆ. ಪೂರ್ತಿ ಹೊರೆ ಇದ್ದಾಗ ಸುಮಾರು 16 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಯುಪಿಎಸ್ ಮೋಡ್‌ನಲ್ಲಿರುವ ಇನ್ವರ್ಟರ್ ಸಾಮಾನ್ಯವಾಗಿ 10 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬದಲಾಗುತ್ತದೆ. ನಾರ್ಮಲ್ ಮೋಡ್ ಫ್ಯಾನ್, ದೀಪಗಳಿಗಾಗಿ ಇರುವುದು, ಅದು ಅದಕ್ಕಿಂತ ಬಹಳ ನಿಧಾನ. ಮಧ್ಯದ ಆ ಖಾಲಿ ಗಳಿಗೆಯನ್ನು ದಾಟಲಾಗದೆ ನಿಮ್ಮ ಕಂಪ್ಯೂಟರ್ ಆರುತ್ತಿದೆ.

ಹೊರೆ ಹೆಚ್ಚಿದಷ್ಟೂ ಕೆಪಾಸಿಟರ್ ಬೇಗ ಬರಿದಾಗುತ್ತದೆ. ಬ್ರೌಸರ್ ನೋಡುವಾಗ ಬಹುತೇಕ ದಾಟಿಬಿಡುತ್ತದೆ, ರೆಂಡರ್ ವೇಳೆ ದಾಟುವುದಿಲ್ಲ. ಬೇಸಿಗೆ, ರೆಂಡರ್, 100 ಡಿಗ್ರಿ ಎಲ್ಲ ಒಟ್ಟಿಗೇ ಬಂದದ್ದರಿಂದ ಬಿಸಿಯೇ ಕಾರಣ ಎಂದು ಅಂಗಡಿಯವರಿಗೂ ಅನ್ನಿಸಿದೆ.

ಈಗಲೇ ಮಾಡಬೇಕಾದದ್ದು: ಕಂಪ್ಯೂಟರ್ ಆಫ್ ಮಾಡಿ, ಇನ್ವರ್ಟರನ್ನು ಯುಪಿಎಸ್ ಮೋಡ್‌ಗೆ ಹಾಕಿ. ಅಷ್ಟರಿಂದಲೇ ನಿಂತರೂ ನಿಲ್ಲಬಹುದು. ಆದರೆ ದುಡಿಮೆಯ ಯಂತ್ರವಾದ್ದರಿಂದ ಕಂಪ್ಯೂಟರ್‌ಗೆಂದೇ ಒಂದು ಯುಪಿಎಸ್ ಇಡುವುದು ಒಳ್ಳೆಯದು. ಅಂಗಡಿಯಲ್ಲಿ ಮೊದಲು ತೋರಿಸುವ 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್ ಬೇಡ, ಅಂಥವು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತವೆ. ನಿಮ್ಮ ಪ್ರೊಸೆಸರ್ ಗರಿಷ್ಠ 117 ವ್ಯಾಟ್, ಕಾರ್ಡ್ 200 ವ್ಯಾಟ್, ಉಳಿದ ಭಾಗಗಳಿಗೆ 50, ಮೇಲೆ ಎಸ್‌ಎಂಪಿಎಸ್‌ನಲ್ಲಿ ಸೋರುವ ಪಾಲು ಮತ್ತು ಮಾನಿಟರ್ ಸೇರಿದರೆ 450ರ ಮೇಲೆ ಹೋಗುತ್ತದೆ. 1100 ವಿಎ, 660 ವ್ಯಾಟ್ ಅಂದಾಜಿನದು ತೆಗೆದುಕೊಳ್ಳಿ; ವಿಎ ಅಂಕಿಗೆ ಮರುಳಾಗದೆ ವ್ಯಾಟ್ ಎಷ್ಟೆಂದು ಕೇಳಿ. ಸಾಧ್ಯವಾದರೆ ಪ್ಯೂರ್ ಸೈನ್ ವೇವ್ (ಲೈನಿನ ಕರೆಂಟಿನಂತೆ ನುಣುಪಾದ ಅಲೆ) ಇರಲಿ, ಕೆಲವು ಎಸ್‌ಎಂಪಿಎಸ್‌ಗಳಿಗೆ ಚೌಕ ಅಲೆ ಒಗ್ಗುವುದಿಲ್ಲ. ಆ ಯುಪಿಎಸ್ಸನ್ನು ಇನ್ವರ್ಟರ್ ಹಿಂದೆ ಜೋಡಿಸದೆ ನೇರ ಲೈನಿಗೆ ಕೊಡಿ.

ಜುಮ್ಮೆನ್ನುವುದನ್ನು ಮಾತ್ರ ಉದಾಸೀನ ಮಾಡಬೇಡಿ. ಅರ್ಥಿಂಗ್ ಸರಿಯಿಲ್ಲ ಎಂಬುದರ ಗುರುತು ಅದು. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಸಾಕೆಟ್ಟಿನ ಮೂರನೇ ಪಿನ್ನಿಗೆ ನಿಜವಾಗಿ ತಂತಿ ಬಂದಿದೆಯೇ ಎಂದು ನೋಡಿಸಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿ ಕೆಲಸ ಕೊಡದೆ ಇರುವುದೂ ಉಂಟು; ಕೆಲವು ದಿನ ನೀರು ಹಾಕಿಸಿ ಮತ್ತೆ ಅಳತೆ ಮಾಡಿಸಬೇಕು. ಅಲ್ಲಿಯವರೆಗೆ ಚಪ್ಪಲಿ ಹಾಕದೆ ಕ್ಯಾಬಿನೆಟ್ ಮುಟ್ಟಬೇಡಿ.

ಉತ್ತರ (ಮೈಸೂರು)

ಆಫ್ ಆಗುವುದಕ್ಕೆ ಉತ್ತರ ಸಿಕ್ಕಿತು, ಬಿಸಿಯದು ಬಾಕಿ ಇದೆ. ಬಾಗಿಲು ತೆಗೆದಾಗ 13 ಡಿಗ್ರಿ ಇಳಿದಿದೆ ಎಂದರೆ ಕ್ಯಾಬಿನೆಟ್ಟಿಗೆ ಗಾಳಿ ಸಾಲುತ್ತಿಲ್ಲ. ಮುಂದಿನ ಗಾಜು ಬಿಚ್ಚಿ ನೋಡಿ, ಅದರ ಅಂಚಿನಲ್ಲಿ ಧೂಳು ತಡೆಯುವ ಜಾಲರಿ ಕಟ್ಟಿಕೊಂಡಿರುತ್ತದೆ. ಜಾಲರಿ ತೊಳೆದು ಒಣಗಿಸಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಿ, ಗಾಳಿಗೆ ಅತಿವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮುಂದಿನ ಫ್ಯಾನ್‌ಗಳು ಗಾಳಿಯನ್ನು ಒಳಗೆ ಎಳೆಯಬೇಕು, ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಫ್ಯಾನ್ ಇದ್ದರೆ ಅದು ಹೊರಗೆ ತಳ್ಳಬೇಕು. ಒಂದು ತೆಳು ಕಾಗದ ಹಿಡಿದರೆ ಗೊತ್ತಾಗುತ್ತದೆ. ಕೂಲರ್ ಬಿಚ್ಚಿದರೆ ಪ್ರೊಸೆಸರ್ ಮೇಲಿನ ಹಳೆಯ ಥರ್ಮಲ್ ಪೇಸ್ಟ್ (ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ) ಒರೆಸಿ ಹೊಸದು ಹಾಕದೆ ಮತ್ತೆ ಕೂರಿಸಬೇಡಿ.

ಕೋಣೆಯೇ 38 ಡಿಗ್ರಿ ಇರುವಾಗ ಯಾವ ಕೂಲರೂ ಪ್ರೊಸೆಸರನ್ನು ಅದಕ್ಕಿಂತ ತಂಪು ಮಾಡಲಾರದು, ವಾಟರ್ ಕೂಲರೂ ಅಷ್ಟೇ. ಚಳಿಗಾಲದ ಅಂಕಿಗಳನ್ನು ಈಗ ನಿರೀಕ್ಷಿಸಬೇಡಿ. ಬಯಾಸ್‌ನಲ್ಲಿ (ಮದರ್‌ಬೋರ್ಡಿನದೇ ಸೆಟ್ಟಿಂಗ್ ಪರದೆಯಲ್ಲಿ) ಕೂಲರ್ ಯಾವುದೆಂದು ಕೇಳುವ ಆಯ್ಕೆ ಇದ್ದರೆ ಡಬ್ಬಿಯ ಕೂಲರ್ ಎಂದು ಇಡಿ. ವಾಟರ್ ಕೂಲರ್ ಎಂದಿದ್ದರೆ ಕೆಲವು ಮದರ್‌ಬೋರ್ಡ್‌ಗಳು ವಿದ್ಯುತ್ ಮಿತಿಯನ್ನೇ ಸಡಿಲಿಸುತ್ತವೆ. ಇಷ್ಟಾದ ಮೇಲೂ 95 ದಾಟಿದರೆ ನಾಲ್ಕು ಹೀಟ್‌ಪೈಪ್ (ಬಿಸಿ ಸಾಗಿಸುವ ಕೊಳವೆ) ಇರುವ ಸಾಮಾನ್ಯ ಟವರ್ ಕೂಲರ್ ಸಾಕು.

ಪ್ರಶ್ನೆ ಕೇಳಿದವರು

ನಮ್ಮ ಬೀದಿಯ ಆಚೆ ತೊಗರಿ ಬೇಳೆ ಮಾಡುವ ದಾಲ್ ಮಿಲ್ ಇದೆ. ಜಾಲರಿಯಲ್ಲಿ ಹಳದಿ ಹುಡಿ ಕಂಬಳಿಯಂತೆ ಕೂತಿತ್ತು, ಆಚೆ ಬೆಳಕು ಕಾಣುತ್ತಿರಲಿಲ್ಲ. ತೊಳೆದ ಮೇಲೆ, ಬಾಗಿಲು ಮುಚ್ಚಿಯೇ, 89 ಡಿಗ್ರಿ. ಯುಪಿಎಸ್ ಮೋಡ್‌ಗೆ ಹಾಕಿದ ಮೇಲೆ ಕರೆಂಟ್ ಹೋದರೂ ರೆಂಡರ್ ನಿಂತಿಲ್ಲ. ಹೊಸ ಯುಪಿಎಸ್ ಹೇಳಿ ಬಂದಿದ್ದೇನೆ. ಎಲೆಕ್ಟ್ರಿಷಿಯನ್ ಬಂದಿದ್ದರು, ಸಾಕೆಟ್ಟಿಗೆ ಅರ್ಥ್ ತಂತಿಯನ್ನೇ ಎಳೆದಿರಲಿಲ್ಲವಂತೆ. ಈಗ ಎಳೆದುಕೊಟ್ಟಿದ್ದಾರೆ, ಜುಮ್ಮೆನ್ನುವುದು ನಿಂತಿದೆ. ಒಂದು ಕೊನೆಯ ಪ್ರಶ್ನೆ: ಲೇಸರ್ ಪ್ರಿಂಟರನ್ನೂ ಅದೇ ಯುಪಿಎಸ್‌ಗೆ ಹಾಕಬಹುದೇ ಸರ್?

ಉತ್ತರ (ಹುಬ್ಬಳ್ಳಿ)

ಬೇಡ. ಲೇಸರ್ ಪ್ರಿಂಟರ್ ಒಳಗಿನ ಹೀಟರ್ ಹೊತ್ತಿಕೊಂಡಾಗಲೆಲ್ಲ ನೂರಾರು ವ್ಯಾಟ್ ಒಮ್ಮೆಲೇ ಎಳೆಯುತ್ತದೆ, ಯುಪಿಎಸ್ ಅದನ್ನು ತಾಳದೆ ಕಂಪ್ಯೂಟರನ್ನೂ ಆರಿಸಿಬಿಡುತ್ತದೆ. ಪ್ರಿಂಟರ್ ನೇರ ಲೈನಿನಲ್ಲಿರಲಿ. ಯುಪಿಎಸ್ ಮೇಲೆ ಕಂಪ್ಯೂಟರ್, ಮಾನಿಟರ್, ಇಂಟರ್‌ನೆಟ್ ರೂಟರ್ ಇಷ್ಟೇ ಇರಲಿ.