ಸಹಾಯ ಬೇಕು: ಬ್ರಹ್ಮಾವರದ ಹತ್ತಿರ ಚೆನ್ನಾಗಿ ಮೆಲುಕು ಹಾಕುವ ದನ ಯಾರಲ್ಲಿದೆ?

ನಮಸ್ಕಾರ. ಪಕ್ಕದ ಮನೆಯ ಪೂಜೆಯಲ್ಲಿ ಉಳಿದ ಅನ್ನದ ಹಂಡೆಗೆ ಬಾಯಿ ಹಾಕಿ ನಮ್ಮ ಜೆರ್ಸಿ ದನ ಹೊಟ್ಟೆ ಕೆಡಿಸಿಕೊಂಡಿದೆ. ಡಾಕ್ಟ್ರು ಅಡುಗೆ ಸೋಡಾ ಕುಡಿಸಿ, ಡ್ರಿಪ್ ಹಾಕಿದ ಮೇಲೆ ಎದ್ದು ಓಡಾಡುತ್ತಿದೆ. ಆದರೆ ಮೆಲುಕು ಇಲ್ಲ, ಬೈಹುಲ್ಲು ಮೂಸಿ ಮುಖ ತಿರುಗಿಸುತ್ತದೆ. ಪಿಷ್ಟ ಜಾಸ್ತಿಯಾದರೆ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿ, ದನದ ಮೊದಲ ಹೊಟ್ಟೆಯಲ್ಲಿ (ಮೇವು ಹುದುಗುವ ದೊಡ್ಡ ಚೀಲ) 6ರಿಂದ 7 ಇರಬೇಕಾದ ಪಿಎಚ್ 5ರ ಆಸುಪಾಸಿಗೆ ಇಳಿಯುತ್ತದೆ, ಅಂದರೆ ಹುಳಿ ಏರುತ್ತದೆ. ನಾರು ಕರಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ಉಳಿಯುವುದಿಲ್ಲ. (ಮಜ್ಜಿಗೆ ಕುಡಿಸಿ ಅನ್ನುವವರೇ, ಇರುವ ಹುಳಿಯೇ ಸಾಕಾಗಿದೆ!)

ಆ ಒಳ್ಳೆಯ ಬ್ಯಾಕ್ಟೀರಿಯಾ ಮತ್ತೆ ಸೇರಲು, ಆರೋಗ್ಯವಾಗಿರುವ ದನದ ಮೊದಲ ಹೊಟ್ಟೆಯ ರಸ ಕೊಳವೆಯಲ್ಲಿ ತೆಗೆದು, ಸೋಸಿ, ಬಿಸಿ ಆರುವ ಮೊದಲೇ ಇದಕ್ಕೆ ಕುಡಿಸಬೇಕು. ಡಾಕ್ಟ್ರೇ ಬಂದು ತೆಗೆಯುತ್ತಾರೆ, ಕೊಯ್ಯುವುದೇನಿಲ್ಲ. ಬ್ರಹ್ಮಾವರ, ಬಾರ್ಕೂರು ಕಡೆ ಹುಲ್ಲು ತಿನ್ನುವ, ಇತ್ತೀಚೆಗೆ ಆಂಟಿಬಯೋಟಿಕ್ ಕೊಡದ ದನ ಇದ್ದವರು ದಯವಿಟ್ಟು ಇವತ್ತೇ ಮೆಸೇಜ್ ಮಾಡಿ. ಗಾಡಿ ನಮ್ಮದೇ.