ಎರಡು ವರ್ಷ ತುಂಬಿದ ಮಗುವಿಗೆ ಅಮೆರಿಕದ ವಿಮಾನಗಳಲ್ಲಿ ಮಾಸ್ಕ್ ಕಡ್ಡಾಯವೇ? (2021ರ ಕೋವಿಡ್ ಕಾಲದ ಪ್ರಶ್ನೋತ್ತರ; ಈ ನಿಯಮ 2022ರ ಏಪ್ರಿಲ್‌ನಲ್ಲಿ ಕೊನೆಗೊಂಡಿತು)

ಪ್ರಶ್ನೆ:
ನಮ್ಮ ಮಗಳಿಗೆ ಈಚೆಗೆ ಎರಡು ವರ್ಷ ತುಂಬಿತು. ಮುಂದಿನ ತಿಂಗಳು ಸಿಯಾಟಲ್‌ನಿಂದ ಡಲ್ಲಾಸ್‌ಗೆ ಹೋಗಬೇಕಾಗಿದೆ. ಮಾಸ್ಕ್ ಹಾಕಿದ ಕ್ಷಣವೇ ಅವಳು ಕಿತ್ತೆಸೆಯುತ್ತಾಳೆ. ಇಷ್ಟು ಚಿಕ್ಕವರಿಗೂ ನಿಯಮ ಅನ್ವಯಿಸುತ್ತದೆಯೇ, ಅವಳನ್ನು ಒಗ್ಗಿಸುವುದು ಹೇಗೆ ಎಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಅನ್ವಯಿಸುತ್ತದೆ. 2021ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಸಿಡಿಸಿ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ಆದೇಶದಲ್ಲಿ ವಯಸ್ಸಿನ ವಿನಾಯಿತಿ ಇರುವುದು ಎರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಅಂಗವೈಕಲ್ಯದಿಂದಾಗಿ ಮಾಸ್ಕ್ ಧರಿಸಲಾಗದ ಮಕ್ಕಳಿಗೂ ವಿನಾಯಿತಿ ಉಂಟು. ಆದರೆ ವಿಮಾನ ಸಂಸ್ಥೆಗಳು ಅದಕ್ಕೆ ವೈದ್ಯರ ಪತ್ರ ಕೇಳಬಹುದಾದ್ದರಿಂದ ಮುಂಚಿತವಾಗಿಯೇ ವಿಚಾರಿಸಿಕೊಳ್ಳಬೇಕು. ತಿನ್ನುವಾಗ, ಕುಡಿಯುವಾಗ ಸ್ವಲ್ಪ ಹೊತ್ತು ತೆಗೆಯಬಹುದು.

ಉತ್ತರ 2:
ಇಂದಿನಿಂದಲೇ ಮನೆಯಲ್ಲಿ ಅಭ್ಯಾಸ ಆರಂಭಿಸಿ. ಮೊದಲು ಗೊಂಬೆಗೆ ಹಾಕಿಸಿ, ಆಮೇಲೆ ಕಥೆ ಓದುವಷ್ಟು ಹೊತ್ತು ಅವಳಿಗೆ ಹಾಕಿ, ನೀವೂ ಹಾಕಿಕೊಂಡು ಕುಳಿತುಕೊಳ್ಳಿ. ಜೊಲ್ಲಿನಿಂದ ಒದ್ದೆಯಾದ ಮಾಸ್ಕನ್ನು ಯಾವ ಮಗುವೂ ಸಹಿಸುವುದಿಲ್ಲ. ಆದ್ದರಿಂದ ಮಕ್ಕಳ ಅಳತೆಯ ಹಲವು ಮಾಸ್ಕ್‌ಗಳು ಕೈಚೀಲದಲ್ಲಿರಲಿ. ನನಗೆ ನಿಜವಾಗಿ ಕಳವಳ ತರುವುದು ನಿದ್ದೆಯ ವಿಷಯ: ಆದೇಶವು ನಿದ್ದೆಗೆ ವಿನಾಯಿತಿ ಕೊಟ್ಟಿಲ್ಲ, ಆದರೆ ಮಲಗಿದ ಮಗುವಿನ ಮುಖ ಮುಚ್ಚುವುದು ಕ್ಷೇಮವಲ್ಲವೆಂದೇ ನಾನು ಭಾವಿಸುತ್ತೇನೆ. ವಿಮಾನ ಹತ್ತಿದ ಕೂಡಲೇ ಸಿಬ್ಬಂದಿಯೊಂದಿಗೆ ಸಮಾಧಾನವಾಗಿ ಮಾತನಾಡಿಕೊಳ್ಳಿ, ಅವಳ ಉಸಿರಾಟವನ್ನು ಗಮನಿಸುತ್ತಲೇ ಇರಿ.

ಉತ್ತರ 3:
ಐದು ವರ್ಷದವರೆಗಿನ ಮಕ್ಕಳಿಗೆ ಮಾಸ್ಕ್ ಕಡ್ಡಾಯಗೊಳಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟ್‌ನಲ್ಲಿಯೇ ಸಲಹೆ ನೀಡಿವೆ. ಅಮೆರಿಕದ ನಿಯಮ ಅದಕ್ಕಿಂತ ಬಿಗಿಯಾದುದು. ಪಾಲಿಸಲು ಪ್ರಾಮಾಣಿಕವಾಗಿ ಯತ್ನಿಸಿ. ಆದರೆ ಮಗು ಅತ್ತರೆ ಅದನ್ನು ನಿಮ್ಮ ಪಾಲನೆಯ ಕೊರತೆಯೆಂದು ಯಾರೂ ಎಣಿಸಬಾರದು, ನೀವಂತೂ ಎಣಿಸಲೇಬೇಡಿ.